ವಂಶವೃಕ್ಷಕ್ಕೆ ಎಮ್ಮೆಯ ಹೆಸರು

ನಾಲ್ಕು ವರ್ಷದ ಹಿಂದೆ, ನನಗೆ ಅರವತ್ತೊಂಬತ್ತು. ಕೆ.ಆರ್. ಪುರದ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಮೂವರು ಮೈದುನರು ಕಿತ್ತಾಡುತ್ತಿದ್ದರು. ಜಾಗದ ಖಾತೆಗೆ ವಂಶವೃಕ್ಷ ಕಳಿಸಲು ಅಂದೇ ಕೊನೆಯ ದಿನ. ಆ ಜಾಗದಲ್ಲಿ ಸತ್ತ ನನ್ನ ಗಂಡನ ಪಾಲೂ ಇತ್ತು. ಸ್ಕ್ಯಾನ್ ಮಾಡಿದ ಕಾಗದಕ್ಕೆ ಕಂಪ್ಯೂಟರಿನಲ್ಲಿ ಒಂದು ಹೆಸರಿಡಬೇಕಂತೆ. ಕಾಗದದೊಳಗೆ ಎಲ್ಲರ ಹೆಸರಿದ್ದರೂ ಸಾಲದೆಂದು, ಆ ಫೈಲಿನ ಹೆಸರಿನಲ್ಲೂ ಒಬ್ಬೊಬ್ಬರು ಅಪ್ಪ, ತಾತನ ಸಮೇತ ತಮ್ಮ ಹೆಸರು ಬರೆಸಿದ್ದರು.

"ಹೆಸರು ತುಂಬಾ ಉದ್ದ ಆಯ್ತು, ತಗೋತಿಲ್ಲ. ಯಾರದಾದ್ರೂ ತೆಗೀರಿ," ಎಂದಳು ಅಂಗಡಿಯ ಹುಡುಗಿ.

"ನನ್ ಹೆಸ್ರು ತೆಗ್ದು ನನ್ ಭಾಗ ನುಂಗಾಕಾ?" ಎಂದು ದೊಡ್ಡ ಮೈದುನ ಎದ್ದ. ಹೆಸರು ಬೇಡ, ಬರೀ ಒಂದು ಅಂತ ನಂಬರ್ ಹಾಕೋಣವೆಂದು ಅವಳು ಹೇಳಿದರೆ, ಒಂದನೆಯವನು ಯಾರು ಎಂದು ಮತ್ತೆ ಜಗಳ.

ನನಗೆ ತಲೆ ಕೆಟ್ಟಿತು. "ನಮ್ಮೆಮ್ಮೆ ಗೌರಿ ಹೆಸ್ರಿಡಮ್ಮ, ಅದಕ್ಕೆ ಭಾಗ ಇಲ್ಲ," ಎಂದೆ. ಮೂವರೂ ತುಂಬಾ ಹೊತ್ತು ಯೋಚಿಸಿ ಒಪ್ಪಿದರು. ಗೌರಿ ಹೆಸರಲ್ಲೇ ಫೈಲ್ ಕಳಿಸಿದ್ದಾಯಿತು.

ಮಾರನೆಯ ಬೆಳಿಗ್ಗೆ ನಾನೊಬ್ಬಳೇ ಅಂಗಡಿಗೆ ಹೋಗಿ, ವಂಶವೃಕ್ಷದೊಳಗೆ ಗೌರಿ ಸೇರಿಲ್ಲ ತಾನೇ ಎಂದು ಆ ಹುಡುಗಿಯಿಂದ ಎರಡು ಸಲ ಓದಿಸಿಕೊಂಡು ಬಂದೆ.