ಬೆನ್ನಿಗೆ ಹತ್ತಿದ ತಂಬಾಕು

ತಾಲೀಮಿನ್ಯಾಗ ಬೆಳದಾಂವ ನಾನು. ಕುಸ್ತಿಯೊಳಗ ಬೆನ್ನಿಗೆ ಮಣ್ಣು ಹತ್ತಿತಂದ್ರ ಮುಗೀತು, ಸೋತಂಗ. ನನಗ ಒಂದಽ ಸಲ ಹತ್ತಿತ್ತು, ಸದಲಗಾದಾಗ. ಹಾದ್ಯಾಗಽ ಬೆನ್ನು ಝಾಡಿಸಿಕೊಂಡು ಮನಿಗೆ ಬಂದು, ಕುಸ್ತಿ ಬರೋಬರಿ ಆತು, ಯಾರೂ ಸೋಲಲಿಲ್ಲ ಅಂತ ಸುಳ್ಳು ಹೇಳಿದ್ದೆ. ಈಗ ಕಬ್ಬು ನೋಡ್ಕೊಂಡಿದ್ರೂ ಊರಾಗ ಎಲ್ಲಾರೂ ಪೈಲ್ವಾನ್ ಅಂತಽ ಕರೀತಾರ. ಸಿಟ್ಟಂತೂ ಮೂಗಿನ ತುದಿಮ್ಯಾಲ.

ಮಗಳು ದಿನಾ ಬಸ್ಸಿಗೆ ನಿಪ್ಪಾಣಿ ಕಾಲೇಜಿಗೆ ಹೋಗಾಕಿ. ಒಂದಿನ ಗದ್ದಲದಾಗ ಯಾವನೋ ಆಕಿ ಮುಂಗೈ ಗಟ್ಟಿ ಹಿಡದನಂತ. ಬಿಡಿಸ್ಕೊಳ್ಳಾಕ ಬರಲಿಲ್ಲ, ಕಂಡಕ್ಟರ್ ಬಂದ ಮ್ಯಾಲ ಬಿಟ್ಟ. ಕೇಳಿ ನನ್ನ ನೆತ್ತಿ ಕಾಯ್ತು. ಅವನ ಕಾಲ ಮುರೀತೀನಿ ಅಂತ ಗಾಡಿ ಕಿಲ್ಲಿ ತಗೊಂಡೆ. "ನಾಳೆಯಿಂದ ದಿನಾ ನನ್ನ ಕೂಡ ಬಸ್ಸಿನ್ಯಾಗ ಬರ್ತೀ ಏನು?" ಅಂದ್ಲು ಮಗಳು. ಕಿಲ್ಲಿ ತಿರಗಿ ಮೊಳಿಗೆ ಹಾಕಿದೆ.

ನಿಪ್ಪಾಣ್ಯಾಗ ಹಳೇ ತಂಬಾಕಿನ ಗೋದಾಮಿನ್ಯಾಗ ಐಕಿಡೊ ಕಲಸ್ತಾರಂತ ಆಕೀನಽ ಹುಡಿಕಿದ್ಲು. ಜಪಾನದ ವಿದ್ಯಾ ಅಂತ. ಮೈಮ್ಯಾಲ ಬಂದವನ ತಾಕತ್ತು ಅವನಿಗೇ ತಿರಗಿಸಿ ಕೆಡವಬೇಕು, ಆದ್ರ ಅವಗೂ ಪೆಟ್ಟಾಗಬಾರದು. ಪೆಟ್ಟಾಗಬಾರದಂದ್ರ ಅವನ ಪೂಜಿ ಮಾಡಿ ಕಳಸೂದೇನು ಅಂತ ಬೈಕೋತನಽ ಆಕೀನ್ನ ಬಿಡಾಕ ಹ್ವಾದೆ. ಗೋದಾಮು ಬಂದಾಗಿ ಎಷ್ಟೋ ವರ್ಷ ಆದ್ರೂ ನೆಲದಾಗ, ಗ್ವಾಡ್ಯಾಗ ತಂಬಾಕು ಕುಂತೈತಿ. ಎಲ್ಲಾರೂ ಬಗ್ಗಿ ನಮಸ್ಕಾರ ಮಾಡೂದು, ಸೀನೂದು, ಮತ್ತ ನಮಸ್ಕಾರ.

ಕಲಸೂ ಹೆಣಮಗಳು, ಬಾಯಾರು, ನನ್ನ ಭುಜಕ್ಕೂ ಬರೂದಿಲ್ಲ. "ಪೈಲ್ವಾನ್ರ, ಸುಮ್ಮನ ಯಾಕ ಕುಂತೀರಿ? ಬರ್ರಿ, ಮಗಳ ಕೈ ಹಿಡೀರಿ," ಅಂದ್ರು.

ಮೂರು ವಾರ ಹಿಡದೆ. ಮಗಳು ತಿರಗತಾಳ, ಬಗ್ಗತಾಳ, ನಾ ಮಾತ್ರ ಕಂಬ ನಿಂತಂಗ. ಬಾಯಾರು "ಜರಾ ಸಡ್ಲ ಬಿಡ್ರಿ, ಇನ್ನಾ ಕಲಿಯಾಕಿ," ಅಂದ್ರ ಕೈ ಸಡ್ಲಾಗತಿತ್ತು, ಬೆನ್ನು ನೆಲಾ ಮುಟ್ಟಾಕ ಒಪ್ಪತಿರಲಿಲ್ಲ. ಸಣ್ಣ ಹುಡುಗೂರ ಮುಂದ ಬೆನ್ನಮ್ಯಾಲ ಬಿದ್ದು ಚಿತ್ ಆಗೂದಂದ್ರ ಚ್ಯಾಷ್ಟೀನ?

ನಾಕನೇ ವಾರ, ವಾಪಸ್ ಬರೂವಾಗ ಗಾಡಿಮ್ಯಾಲ ಹಿಂದ ಕುಂತಾಕಿ ಅಂದ್ಲು: "ಬಿಡಪಾ, ಇನ್ನ ಬರೂದಿಲ್ಲ. ಬಸ್ಸಿನ್ಯಾಗೂ ಆಗಲಿಲ್ಲ, ಇಲ್ಲೂ ಆಗವಲ್ದು. ನನ್ನ ಕೈಯಾಗ ತಾಕತ್ತಽ ಇಲ್ಲ. ಕಾಲೇಜೂ ಸಾಕಾಗೇತಿ."

ಬಸ್ಸಿನ್ಯಾಗ ಆ ಮಂಗ್ಯಾ ಒಂದು ಸಲ ಹಿಡದಿದ್ದ. ಮೂರು ವಾರ ಬಿಡದಽ ಹಿಡದಾಂವ ನಾನು. ಭಾಳ ಕೆಟ್ಟನಿಸ್ತು. ಇನ್ನೊಂದಽ ಸಲ ಬಾರವ್ವಾ ಅಂತ ಕಾಡಿ ಬೇಡಿ ಕರ್ಕೊಂಡು ಹ್ವಾದೆ.

ಅವತ್ತು ಆಕಿ ಕೈ ತಿರುವೋಕಿಂತ ಮೊದಲಽ ಅಯ್ಯಯ್ಯೋ ಅನಕೋತ ಕೆಡಕೊಂಡೆ. ಬೆನ್ನಮ್ಯಾಲ ಅಲ್ಲ ಮತ್ತ, ಬಗಲಮ್ಯಾಲ. ಎಲ್ಲಾರೂ ನಕ್ರು. ಆಕಿ ಕಣ್ಣಾಗ ನೀರು ತಂದ್ಲು. "ನಾಟಕ ಮಾಡಬ್ಯಾಡಪಾ. ಖರೇನಽ ಹಿಡಿ. ತಾಕತ್ತಿದ್ರ ಹಿಡಿ."

ತಾಕತ್ತಿದ್ರ ಅಂತ, ನನಗ. ಪಿತ್ತ ನೆತ್ತಿಗೇರಿತು. ಬೀಳಬೇಕಂತ ಬಂದದ್ದೆಲ್ಲಾ ಮರತು, ಇದ್ದಬದ್ದ ಜೋರು ಹಾಕಿ ನುಗ್ಗಿ ಮುಂಗೈ ಹಿಡದೆ. ಆಕಿ ಎಳೀಲಿಲ್ಲ, ನೂಕಲಿಲ್ಲ. ಬಾಜೂಕ್ಕ ಒಂದು ಹೆಜ್ಜಿ ಸರದು ತಿರಗಿದ್ಲು. ನಾ ನುಗ್ಗಿದಾಂವ ನುಗ್ಗಿದಂಗಽ ಹ್ವಾದೆ. ಕಣ್ಣು ಬಿಟ್ರ ಮ್ಯಾಲ ಗೋದಾಮಿನ ತಗಡು. ಬರೋಬರ್ ಚಿತ್. ನನ್ನ ತಲೀಗೆ ಪೆಟ್ಟಾಗಬಾರದಂತ ಆಕಿ ಇನ್ನೂ ತೋಳು ಹಿಡಕೊಂಡಽ ಇದ್ಲು.

"ಪೆಟ್ಟು ಹತ್ತಿತೇನಪಾ?"

"ಇಲ್ಲವ್ವಾ."

"ಖರೇನಽ ಬಿದ್ದೀ?"

"ನಿನ್ನಾಣಿ."

ಊರ ಹತ್ರ ಬಂದಾಗ ಗಾಡಿ ನಿಲ್ಲಸಂದ್ಲು. ನನ್ನ ಬಿಳೇ ಅಂಗಿ ಬೆನ್ನತುಂಬ ಬೆವರಿಗೆ ತಂಬಾಕಿನ ಪುಡಿ ಅಂಟಿತ್ತು. ಝಾಡಸಾಕ ಕೈ ಎತ್ತಿದ್ಲು. "ಇರಲಿ ಬಿಡು," ಅಂದೆ.

ಚಾದಂಗಡಿ ಮುಂದ ಹಳೇ ತಾಲೀಮಿನ ಗೆಳ್ಯಾರು ಕುಂತಿದ್ರು. ಗಾಡಿ ಇಳದು, ಬೇಕಂತಽ ಅವರ ಕಡೆ ಬೆನ್ನು ಮಾಡಿ ನಿಂತು ಚಾ ಹೇಳಿದೆ.

"ಯಾರಲೇ ಪೈಲ್ವಾನಾ, ನಿನ್ನ ಕೆಡವಿದಾಂವ?" ಅಂದ ಒಬ್ಬ.

"ಗಾಡಿಮ್ಯಾಲ ಕುಂತಾಳ ನೋಡು," ಅಂದೆ.