ಐದನೆಯ ನಟ್ಟು

ನಾಲ್ಕು ನಟ್ಟು ಹೇಗೋ ಬಿಚ್ಚಿದವು, ಐದನೆಯದು ಅಲುಗಲಿಲ್ಲ. ಜವಳಗೇರಾದಿಂದ ಸಿಂಧನೂರು ಆಸ್ಪತ್ರೆಗೆ ಹೊರಟಿದ್ದ ನನ್ನ ಹಳೆಯ ಅಂಬಾಸಿಡರ್ ಪಂಕ್ಚರ್ ಆಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ನೆರೆಮನೆಯ ಬಸಣ್ಣ, ಹಾವು ಕಚ್ಚಿದ ಹೆಂಡತಿಯ ತಲೆ ಅವನ ತೊಡೆಯ ಮೇಲೆ. ತುಕ್ಕು ಬಿಡಲೆಂದು ನಟ್ಟಿಗೆ ಸೀಮೆಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ಬಡಿದೆ. ನಟ್ಟು ತಿರುಗಿಸುವ ಪಾನಾ ಜಾರಿ ಕೈ ತರಚಿತಷ್ಟೆ.

ಎಂಬತ್ತರ ದಶಕದಲ್ಲಿ ಆ ದಾರಿಗೆ ಗಾಡಿಗಳು ಕಡಿಮೆ. ಅರ್ಧ ತಾಸಿನ ಮೇಲೆ ಬಂದ ಲಾರಿ ಡ್ರೈವರ್ ಪಾನಾದ ಹಿಡಿಕೆಗೆ ಉದ್ದನೆಯ ಪೈಪು ತೂರಿಸಿ ಒತ್ತಿದ. ನಟ್ಟು ಕಿರುಗುಟ್ಟಿ ತಿರುಗಿತು.

“ಬರೇ ಜಂಗ್ ಅಲ್ರೀ ಇದು. ಯಾರೋ ಪಾನಾದ ಮ್ಯಾಲೆ ನಿಂತು ಬಿಗಿದಾರ,” ಎಂದು ಮೆಲ್ಲಗೆ ಹೇಳಿದ.

ಅಷ್ಟರಲ್ಲಿ ಹಿಂದಿನ ಸೀಟಿನ ನರಳಾಟ ನಿಂತಿತ್ತು.

ಚಕ್ರ ಕಳಚದಿರಲೆಂದು ಹಾಗೆ ನಿಂತು ಬಿಗಿದವನು ನಾನೇ. “ಗಾಡಿ ಕೈಕೊಟ್ರ ನೀ ಏನ್ ಮಾಡ್ತೀ ತಮ್ಮಾ,” ಎಂದು ಬಸಣ್ಣ ಸಾಯುವತನಕ ನನಗೇ ಸಮಾಧಾನ ಹೇಳಿದ. ನಾನು ಬಾಯಿ ಬಿಡಲಿಲ್ಲ.