ಗೋಡೆಯ ಜ್ವರ ನೋಡುವ ಕೈ

ಆಯಿಯ ಬಲಗೈಯ ಹಿಂಬದಿ ಯಾವಾಗಲೂ ಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ಅಂಗೈ ಮಗುಚಿ ಗೋಡೆ ಮುಟ್ಟುತ್ತ, ಪಡಸಾಲೆಯಿಂದ ಅಡುಗೆಮನೆಯವರೆಗೆ ಒಂದು ಸುತ್ತು ಬರುತ್ತಿದ್ದರು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುತ್ತೇವಲ್ಲ, ಹಾಗೆ.

ಶಹಾಪುರದಲ್ಲಿ ಅವರು ನಮ್ಮ ಮನೆ ಮಾಲೀಕರು. ಓಣಿಗೆಲ್ಲ ಆಯಿ, ನನಗೂ ಆಯಿ. ನನ್ನ ಯಜಮಾನರಿಗೆ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರ ಕೆಲಸ. ನಾವು ಮೊದಲು ಹಿಡಿದದ್ದು ತಗಡಿನ ಮನೆ. ಬಸುರಿಯಾಗಿದ್ದ ನಾನು ಮಧ್ಯಾಹ್ನ ಒಳಗಿರಲಾರದೆ ಬೇವಿನ ಗಿಡದ ಬುಡದಲ್ಲಿ ಕೂತಿರುತ್ತಿದ್ದೆ. ಯಾರೋ ಅದನ್ನು ಹೇಳಿದ್ದೇ ತಡ, ಆಯಿ ತಮ್ಮ ನಡುಮನೆಯನ್ನೇ ನಮಗೆ ಬಿಟ್ಟುಕೊಟ್ಟರು. ಮೊಳಕ್ಕಿಂತ ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಅಂಗಳಕ್ಕೆ ಕಾಲಿಟ್ಟರೆ ಸುಡುವ ಹೊತ್ತಿನಲ್ಲೂ ಒಳಗೆ ಹೊದ್ದು ಮಲಗಬಹುದಿತ್ತು. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಾಗ ತೊಟ್ಟಿಲನ್ನು ಆ ಗೋಡೆಯ ಮಗ್ಗುಲಲ್ಲೇ ಕಟ್ಟಿದೆವು.

ಅದೇ ವರ್ಷ ಹಿತ್ತಿಲಾಚೆಯ ಹೊಲಗಳಿಗೆ ಕಾಲುವೆ ನೀರು ಬಂತು. ಜೋಳದ ನೆಲದಲ್ಲಿ ಭತ್ತ. ಸಂಜೆಗಾಳಿಗೆ ತಂಪು ಬಂತು, ಅದರ ಬೆನ್ನಿಗೇ ಸೊಳ್ಳೆ. ಆಮೇಲೆ ನಡುಮನೆಯ ಗೋಡೆಯ ಬುಡ ಕಪ್ಪಾಗತೊಡಗಿತು.

“ನಿನ್ನ ಗಂಡ ಆಫೀಸಿನ್ಯಾಗ ಕುಂತು ನನ್ನ ಗ್ವಾಡಿಗಿ ನೀರ ಬಿಟ್ಟಾನ ನೋಡು,” ಎಂದರು ಆಯಿ.

“ಅವರ ಕೈಯಾಗ ಗೇಟಿಲ್ರಿ ಆಯಿ, ಬರೇ ಫೈಲ್ ಅದಾವ.”

“ಹಂಗಾರ ಫೈಲರ ತಂದು ಗ್ವಾಡಿಗಿ ಹಚ್ಚಂತ ಹೇಳು. ಒಂದೀಟು ನೀರ ಹೀರ್ತಾವ.”

ಕಾಲುವೆಗೆ ಸಿಮೆಂಟ್ ಬಳಿಯುವುದನ್ನು ಅವರು ಕಣ್ಣಾರೆ ನೋಡಿ ಬಂದಿದ್ದರು. “ಅಷ್ಟು ದೊಡ್ಡ ಕಾಲುವಿ ನೀರನ್ನ ಹಿಡದು ನಿಂದ್ರಸ್ತದ ಅಂದ್ರ, ಈ ಹಸಿ ಯಾವ ಲೆಕ್ಕ?” ಎಂದು ಗೌಂಡಿಯನ್ನು ಕರೆಸಿ, ಗೋಡೆಯ ಒಳಗೂ ಹೊರಗೂ ಸೊಂಟದೆತ್ತರ ಸಿಮೆಂಟ್ ಮೆತ್ತಿಸಿದರು. ಬಂದವರಿಗೆಲ್ಲ ತೋರಿಸಿದರು. ನೋಡಿದವರು ತಾವೂ ಮೆತ್ತಿಸಿಕೊಂಡರು.

ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ತೇವ ಸಿಮೆಂಟನ್ನೂ ದಾಟಿ ಮೇಲೇರಿತ್ತು. ಒಂದು ಮಧ್ಯಾಹ್ನ ಗೋಡೆಯಿಂದ ಹೆಂಟೆಯಷ್ಟು ಮಣ್ಣು ಕಳಚಿ ತೊಟ್ಟಿಲ ಪಕ್ಕಕ್ಕೇ ಬಿತ್ತು. ಮಗುವಿಗೆ ಏನೂ ಆಗಲಿಲ್ಲ, ಬೆಚ್ಚಿ ಅತ್ತಿತು ಅಷ್ಟೆ. ಆಯಿ ಮಾತ್ರ ಆ ದಿನ ಊಟ ಮಾಡಲಿಲ್ಲ.

ಅವರ ಮಗ ಸುರಪುರದಲ್ಲಿ ಮೇಷ್ಟ್ರು. ಶನಿವಾರ ಬಂದವರು ನೋಡಿದರು. “ಯವ್ವಾ, ಸಾಕಿನ್ನ. ಕೂಸಿನ ಮ್ಯಾಲ ಬಿದ್ದಿದ್ರ? ಇದನ್ನ ಕೆಡವಿ ಸ್ಲ್ಯಾಬ್ ಹಾಕಸ್ತೀನಿ.”

ಅವರು ಹೇಳಿದ್ದು ತಪ್ಪೆನ್ನುವಂತಿರಲಿಲ್ಲ. ಆದರೆ ಆಯಿ ಮದುವೆಯಾಗಿ ಬಂದ ಮನೆ ಅದು. ನಮಗೋ, ಕೂಸು ಕಟ್ಟಿಕೊಂಡು ಮತ್ತೆ ತಗಡಿನ ಕೆಳಗೆ ಹೋಗುವ ಚಿಂತೆ.

ಮರುದಿನ ಬೆಳಗಿನ ಸುತ್ತಿನಲ್ಲಿ ಆಯಿ ಸಿಮೆಂಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಒಬ್ಬರೇ ನಕ್ಕು, ಮಗನನ್ನು ಕರೆದರು.

“ತಮ್ಮಾ, ಬಾ ಇಲ್ಲಿ. ಕಾಲುವಿಗೆ ಸಿಮೆಂಟ್ ಯಾಕ ಹಾಕ್ತಾರ? ಒಳಗಿನ ನೀರು ಹೊರಗ ಬರಬಾರದಂತ. ಹುಚ್ಚಿ ನಾನು, ಗ್ವಾಡಿಗೂ ಅದನ್ನ ಮಾಡೀನಿ. ಒಳಗ ಹೋದ ಹಸಿ ಹೊರಗ ಬರಾಕ ದಾರಿನೇ ಇಟ್ಟಿಲ್ಲ.”

“ಹಂಗಾರ ಏನ್ ಮಾಡಂತಿ?”

“ಹಾರಿ ತಾ. ಬ್ಯಾಸಗಿ ತನಕ ನೋಡು. ಒಣಗಲಿಲ್ಲಂದ್ರ ನಾನ ನಿಂತು ಕೆಡವಸ್ತೀನಿ.”

ಮೇಷ್ಟ್ರು ತಲೆಗೆ ಟವೆಲ್ ಸುತ್ತಿ ಹಾರೆ ಹಿಡಿದರು. ಸಿಮೆಂಟು ಹಪ್ಪಳದಂತೆ ಎದ್ದು ಬಂತು. ಹಿತ್ತಿಲಲ್ಲಿ ನೀರು ಹರಿದುಹೋಗಲು ಕಾಲುವೆ ತೋಡಿ, ಗೋಡೆಗೆ ಮೊದಲಿನಂತೆ ಮಣ್ಣು ಮೆತ್ತಿ ಸುಣ್ಣ ಬಳಿದರು. ತೊಟ್ಟಿಲು ಪಡಸಾಲೆಗೆ ಹೋಯಿತು. ಆಯಿ ತಾವೇ ಮನೆಮನೆಗೆ ಹೋಗಿ ಸಿಮೆಂಟ್ ತೆಗೆಸಿರೆಂದು ಹೇಳಿ ಬಂದರು. ಎದುರುಮನೆಯಾಕೆ ಸುಮ್ಮನೆ ಬಿಟ್ಟಾಳೆಯೇ!

“ಹಚ್ಚಂದಾಕಿನೂ ನೀನ, ತಗೀ ಅನ್ನಾಕಿನೂ ನೀನ!”

“ಇಬ್ಬರೂ ನಾನ. ಎರಡನೇದಾಕಿ ಮಾತು ಕೇಳು.”

ಚಳಿಗಾಲವೆಲ್ಲ ಗೋಡೆ ತಣ್ಣಗೆ, ಜಿಗುಟಾಗಿಯೇ ಇತ್ತು. ಶಿವರಾತ್ರಿ ಕಳೆದು ಬಿಸಿಲು ಬಲಿತ ಒಂದು ಬೆಳಿಗ್ಗೆ ಆಯಿ ಸುತ್ತು ಮುಗಿಸಿ ಬಂದು, ರೊಟ್ಟಿ ಬಡಿಯುತ್ತಿದ್ದ ನನ್ನ ಮುಂದೆ ನಿಂತರು. “ಜ್ವರ ಇಳದಾದ ತಂಗಿ. ತೊಟ್ಟಲಾ ಒಳಗ ಕಟ್ಟು.” ಎಷ್ಟೋ ತಿಂಗಳ ಮೇಲೆ ಆ ಮಧ್ಯಾಹ್ನ ನಾನೂ ಮಗಳೂ ಗೋಡೆಯ ಮಗ್ಗುಲಲ್ಲಿ ಬಿದ್ದುಕೊಂಡು, ಎಚ್ಚರವೇ ಇಲ್ಲದಂತೆ ನಿದ್ದೆ ಮಾಡಿದೆವು. ಮೇಷ್ಟ್ರು ಸ್ಲ್ಯಾಬಿನ ಮಾತು ಮತ್ತೆ ಎತ್ತಲಿಲ್ಲ.

ಆಯಿ ತೀರಿಕೊಂಡಾಗ ನಾವು ಬೇರೆ ಮನೆಯಲ್ಲಿದ್ದೆವು. ಎರಡು ದಿನ ಮಲಗಿದ್ದರಂತೆ, ಅದೇ ನಡುಮನೆಯ ತಂಪಿನಲ್ಲಿ. ಮಣ್ಣು ಕೊಟ್ಟು ಬಂದವರೆಲ್ಲ ಅಂಗಳದಲ್ಲಿ ಕೂತಿದ್ದರು. ನಾನು ನಡುಮನೆಯಲ್ಲಿದ್ದೆ. ಮೇಷ್ಟ್ರು ಒಬ್ಬರೇ ಒಳಗೆ ಬಂದು ಗೋಡೆಯ ಮುಂದೆ ನಿಂತರು. ಅಂಗೈ ಮಗುಚಿ ಮುಟ್ಟಿ ನೋಡಿದರು.

“ಒಣ ಅದ, ತಂಗಿ,” ಎಂದರು ನನ್ನ ಕಡೆ ತಿರುಗಿ.

ಅವರ ಕೈಯ ಹಿಂಬದಿಗೆ ಸುಣ್ಣ ಹತ್ತಿತ್ತು. ತೊಳೆದುಕೊಳ್ಳಲು ತಂಬಿಗೆ ಕೊಡಹೋದೆ. ಇರಲಿ ಬಿಡು ಎಂದರು.